ಪದಚರ್ಚೆ: ಬಿ.ಎ. ಸೆಟ್ಟಿನ ಸೀಟಿಗೆ ಏನೆನ್ನೋಣ?

ಬಲ್ಲವರಲ್ಲಿ ಒಂದು ಕೇಳಿಕೆ.

ಅಗ್ನಿಶಾಮಕ ಸಿಬ್ಬಂದಿ ಹೊಗೆಯೊಳಗೆ ನುಗ್ಗುವಾಗ ಬೆನ್ನಿಗೇರಿಸಿಕೊಳ್ಳುವ ಉಸಿರಾಟದ ಸಾಧನದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅವರ ಬಾಯಲ್ಲಿ ಅದು ‘ಬಿ.ಎ. (ಬ್ರೀದಿಂಗ್ ಅಪರೇಟಸ್) ಸೆಟ್’; ನಾನೂ ಹಾಗೆಯೇ ಬರೆದಿದ್ದೇನೆ. ‘ಸ್ವಯಂಪೂರ್ಣ ಶ್ವಸನೋಪಕರಣ’ ಎಂದು ಓದಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುತ್ತದೆ.

ಸಿಕ್ಕಿಹಾಕಿಕೊಂಡಿರುವುದು ಸೀಟಿಯ ಹತ್ತಿರ. ಸಿಲಿಂಡರಿನ ಒತ್ತಡ ಇಳಿದಾಗ ಪುಟ್ಟದೊಂದು ಸೀಟಿ ತಾನಾಗಿ ಕೂಗುತ್ತದೆ. ಐರೋಪ್ಯ ಮಾನದಂಡ ಇಎನ್ 137ರ ಪ್ರಕಾರ 300 ಬಾರ್ (ಒತ್ತಡದ ಅಳತೆ) ಒತ್ತಡಕ್ಕೆ ತುಂಬಿದ ಸಿಲಿಂಡರಿನಲ್ಲಿ 55 ಬಾರ್ ಆಸುಪಾಸು ಉಳಿದಾಗ ಅದು ಕೂಗಲೇಬೇಕು. ಅಮೆರಿಕದ ಅಗ್ನಿಸುರಕ್ಷತಾ ಮಾನದಂಡ ಎನ್‌ಎಫ್‌ಪಿಎ 1981 ಇನ್ನೂ ಮುಂಜಾಗ್ರತೆ ವಹಿಸಿತ್ತು: 2013ರ ಆವೃತ್ತಿಯಲ್ಲಿ ಎಚ್ಚರಿಕೆಯ ಮಟ್ಟವನ್ನು ಸಿಲಿಂಡರಿನ ಕಾಲು ಭಾಗದಿಂದ ಶೇ. 33ಕ್ಕೆ ಏರಿಸಿತು.

ಮೊದಲ ಕರಡಿನಲ್ಲಿ ‘ಹೊರಡುವ ಸೀಟಿ’ ಎಂದು ಬರೆದಿದ್ದೆ. ರೈಲಿನ ಸೀಟಿಯಂತೆ ಚುರುಕಾಗಿದೆ ಎಂದು ಒಳಗೊಳಗೇ ಹಿಗ್ಗಿದ್ದೆ. ಕರಡು ನೋಡಿದ ನಿವೃತ್ತ ಅಧಿಕಾರಿಯೊಬ್ಬರು ಆ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಕಳುಹಿಸಿದರು. ಸೀಟಿ ಕೇಳಿದ ಮೇಲೆ ಹೊರಡುವುದಲ್ಲ. ಅದು ಕೂಗುವ ಮೊದಲೇ ಹೊರಗೆ ಬಂದಿರುವಂತೆ ಒತ್ತಡದ ಮಾಪಕ ನೋಡುತ್ತಾ ಹಿಂದಿರುಗಬೇಕು. ಉಳಿದ ಗಾಳಿ, ದಾರಿ ತಪ್ಪಿದರೆ, ಕಾಲು ಸಿಕ್ಕಿಕೊಂಡರೆ ಇರಲಿ ಎಂದು ಕಟ್ಟಿಟ್ಟ ಇಡುಗಂಟು. ನನ್ನ ಪದವೋ, ಸೀಟಿ ಕೂಗುವ ತನಕ ಒಳಗೇ ಇರಪ್ಪಾ ಎನ್ನುತ್ತಿತ್ತು.

(ಗಾಳಿ ಎಂದದ್ದು ಬೇಕೆಂದೇ. ಪತ್ರಿಕೆಗಳು ಆಗಾಗ ‘ಆಮ್ಲಜನಕದ ಸಿಲಿಂಡರ್’ ಎನ್ನುತ್ತವೆ. ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ, ಸೋಸಿ ಒಣಗಿಸಿ ಒತ್ತಿ ತುಂಬಿದ್ದು. ಆಮ್ಲಜನಕದ ಸೆಟ್ಟೇ ಬೇರೆ. ಭಾರತೀಯ ಮಾನಕ ಐಎಸ್ 10245 ಕೂಡ ಎರಡನ್ನೂ ಬೇರೆ ಬೇರೆ ಭಾಗಗಳಲ್ಲಿ ಇಟ್ಟಿದೆ.)

‘ಕೊನೆಯ ಸೀಟಿ’ ಎಂದರೆ ಕಬಡ್ಡಿ ಮುಗಿದಂತೆ. ‘ಕಡಿಮೆ ಒತ್ತಡದ ಎಚ್ಚರಿಕೆ’ ಎಂದರೆ ಬಿ.ಪಿ. ಮಾತ್ರೆ ನೆನಪಾಗುತ್ತದೆ. ಸ್ಕೂಟರಿನ ಪೆಟ್ರೋಲು ‘ರಿಸರ್ವ್’ಗೆ ಬಂತು ಎಂದರೆ ಯಾರಿಗೂ ವಿವರಿಸಬೇಕಿಲ್ಲ, ಇಲ್ಲಿಗೆ ಬೇಕಾದದ್ದೂ ಅದೇ ಅರ್ಥ. ಆದರೆ ‘ಮೀಸಲು ಸೀಟಿ’ ಎಂದು ಬರೆದು ನೋಡಿದೆ, ಬಸ್ಸಿನ ಮೀಸಲು ಸೀಟೇ ಕಣ್ಣಿಗೆ ಬಂತು. ಸದ್ಯಕ್ಕೆ ‘ಮೀಸಲು ಗಾಳಿಯ ಸೀಟಿ’ ಎಂದಿಟ್ಟಿದ್ದೇನೆ, ತುಸು ಉದ್ದವಾಯಿತು.

ಠಾಣೆಗಳಲ್ಲಿ ಇದಕ್ಕೆ ಬಳಕೆಯ ಮಾತು ಯಾವುದಾದರೂ ಇದೆಯೇ? ನನ್ನ ಕಿವಿಗೆ ಬಿದ್ದಿರುವುದು ಬರೀ ‘ವಿಸಿಲ್’.