‘ಡಿಫ್ತೀರಿಯ’: ಎಲ್ಲಿ ಒಡೆಯಬೇಕು, ಹೇಗೆ ಉಚ್ಚರಿಸಬೇಕು?

ಎಲ್ಲರಿಗೂ ನಮಸ್ಕಾರ. ಲಸಿಕೆಯ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆಯೇ ಅಚ್ಚಿಗೆ ಹೋಗಬೇಕು. ಅಂಕಣ ಕಿರಿದು, ‘ಡಿಫ್ತೀರಿಯ’ ಎಂಬ ರೋಗದ ಹೆಸರು ಸಾಲಿನ ಕೊನೆಗೆ ಬಂದು ಒಡೆಯುತ್ತಿದೆ. ‘ಡಿ-ಫ್ತೀರಿಯ’ ಎಂದು ಒಡೆಯಲೇ, ‘ಡಿಫ್-ತೀರಿಯ’ ಎಂದೇ? ಇದನ್ನು ಓದಿ ಧ್ವನಿಮುದ್ರಿಸುವವರು ‘ಡಿಪ್‌ತೀರಿಯ’ ಎನ್ನುತ್ತಿದ್ದಾರೆ. ಸರಿಯೇ?

*

‘ಡಿ’ಯನ್ನು ಬೇರ್ಪಡಿಸಲು ವ್ಯುತ್ಪತ್ತಿಯ ಆಧಾರವಿಲ್ಲ. ಎರಡು ಸ್ವರ ಕೂಡಿದ ಧ್ವನಿಗೆ ಹೇಳುವ ‘ಡಿಫ್ತಾಂಗ್’ನಲ್ಲಿರುವ ‘ಡಿ’ ಎರಡು ಎಂಬರ್ಥದ್ದು, ಇಲ್ಲಿಯದು ಹಾಗಲ್ಲ. ಮೂಲ ಗ್ರೀಕಿನ ‘ಡಿಫ್ಥೆರ’, ಅಂದರೆ ತೊಗಲು. ಗಂಟಲಲ್ಲಿ ಕಟ್ಟುವ ಬೂದು ಪೊರೆಯನ್ನು ನೋಡಿ ಫ್ರೆಂಚ್ ವೈದ್ಯ ಬ್ರೆತೊನ್ನೊ 1826ರಲ್ಲಿ ರೋಗಕ್ಕೆ ‘ಡಿಫ್ತೆರೀತ್’ ಎಂದು ಹೆಸರಿಟ್ಟರು. ಅದೇ ತೊಗಲು ಬರೆಯುವ ಹಾಳೆಯಾಗಿ, ಅರಬ್ಬಿ, ಪಾರಸಿಗಳಲ್ಲಿ ‘ದಫ್ತರ್’ ಆಗಿ, ನಮ್ಮಲ್ಲಿ ‘ದಫ್ತರ’ವಾಯಿತು. ಈ ಸಂಯುಕ್ತಾಕ್ಷರ ಕನ್ನಡದ ಬಾಯಿಗೆ ಹೊಸದೇನಲ್ಲ.

ಕಿವಿಗೆ ಡಿಫ್-ತೀ-ರಿ-ಯ, ಒತ್ತಕ್ಷರದ ಹಿಂದಿನದು ಗುರು, ಅಲ್ಲಿಗೆ ಮುಗಿಯಿತು. ಅಚ್ಚಿನಲ್ಲಿ ಮಾತ್ರ ‘ಫ್ತೀ’ ಒಂದೇ ಅಕ್ಷರ. ಅದನ್ನು ಸೀಳಿ ಅರ್ಧ ‘ಫ್’ ಅನ್ನು ಸಾಲಿನ ತುದಿಗೆ ನೇತುಹಾಕಬೇಡಿ. ‘ಡಿಫ್ತೀ-ರಿಯ’ ಎಂದು ಒಡೆಯಿರಿ.

‘ಡಿಪ್’ ಎನ್ನುವವರನ್ನು ಗದರಬೇಕಾಗಿಲ್ಲ. ಇಂಗ್ಲಿಷ್ ನಿಘಂಟುಗಳು ಎರಡನ್ನೂ ಕೊಡುತ್ತವೆ. ಹಳೆಯ ಗ್ರೀಕಿನಲ್ಲಂತೂ ಅದು ಮಹಾಪ್ರಾಣದ ಪಕಾರ, ಅಂದರೆ ನಮ್ಮ ವರ್ಣಮಾಲೆಯ ನಿಜವಾದ ‘ಫ’. ಹಲ್ಲಿಗೆ ತುಟಿ ತಾಗಿಸುವ ಉಚ್ಚಾರ ಬಳಿಕ ಬಂದದ್ದು.

*

ಇದೇ ರೋಗಕ್ಕೆ ಕನ್ನಡದ್ದೇ ‘ಗಂಟಲಮಾರಿ’ ಇರುವಾಗ ಈ ಕಸರತ್ತು ಯಾರಿಗಾಗಿ? ಕನ್ನಡದ ನಾಲಗೆಯಲ್ಲಿಲ್ಲದ ಮಹಾಪ್ರಾಣಕ್ಕೆ ಗ್ರೀಕರ ಸಾಕ್ಷಿ ಬೇರೆ!

*

‘ಗಂಟಲಮಾರಿ’ ಸೊಗಸಾದ ಪದ, ತಲೆಬರಹಕ್ಕೆ ಅದೇ ಇರಲಿ. ಆದರೆ ಲಸಿಕೆಯ ಹೆಸರು ‘ಡಿಪಿಟಿ’. ಅದರ ಮೊದಲಕ್ಷರ ಯಾವ ರೋಗದ್ದು ಎಂದು ತಾಯಂದಿರು ಕೇಳಿದರೆ ನಿಮ್ಮ ಮಾರಿ ಉತ್ತರ ಕೊಡುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಡುವುದೇ ಮೇಲು. ಗ್ರೀಕಿನಿಂದ ಬಂದದ್ದೆಲ್ಲ ತೊಲಗಲಿ ಎನ್ನುವುದಾದರೆ, ಸಂಸ್ಕೃತದ ವೇಷ ತೊಟ್ಟು ಬಂದ ‘ಕೇಂದ್ರ’ವನ್ನೂ ಹೊರಗಟ್ಟಬೇಕಾಗುತ್ತದೆ. ಅದು ಅವರ ‘ಕೆಂಟ್ರೊನ್’.

*

ಧಾರಾಳವಾಗಿ ಹೋಗಲಿ. ‘ನಡು’ ಇದೆ.