ಜಾನ್ ಫ್ಲಾಯ್ಡ್‌ನ ಬದುಕನ್ನು ಬರೆಯಲು ಕುದುರೆದಂಡಿನ ಪದಗಳು ಬೇಕು

ಬಲ್ಲವರಲ್ಲಿ ಒಂದು ವಿನಂತಿ. ಬ್ರಿಟಿಷ್ ಕುದುರೆದಂಡಿನ ಅಧಿಕಾರಿ ಜಾನ್ ಫ್ಲಾಯ್ಡ್‌ನ (1748–1818) ಬದುಕನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರನೆಯ ಮತ್ತು ನಾಲ್ಕನೆಯ ಮೈಸೂರು ಯುದ್ಧಗಳಲ್ಲಿ ಇಂಗ್ಲಿಷರ ಕುದುರೆಸೇನೆಯನ್ನು ನಡೆಸಿದವನು ಇವನೇ. ಎಲ್ಲದಕ್ಕೂ 'ಅಶ್ವದಳ' ಎಂದು ಬರೆದುಬಿಟ್ಟರೆ ಅವನ ಕಸುಬಿನ ವಿವರಗಳೆಲ್ಲ ಮುಚ್ಚಿಹೋಗುತ್ತವೆ. ಅದು ನನಗೆ ಒಪ್ಪಿಗೆಯಿಲ್ಲ.

1760ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅವನು ಎಲಿಯಟ್ ಎಂಬ ಅಧಿಕಾರಿಯ ಲೈಟ್ ಡ್ರಗೂನ್ (ಹಗುರ ಕುದುರೆಸವಾರರ) ರೆಜಿಮೆಂಟಿಗೆ 'ಕಾರ್ನೆಟ್' ಆಗಿ ಸೇರಿದ. ಅದೇ ಜುಲೈನಲ್ಲಿ ಜರ್ಮನಿಯ ಎಮ್ಸ್‌ಡಾರ್ಫ್ ಕಾಳಗದಲ್ಲಿ ಅವನು ಏರಿದ್ದ ಕುದುರೆ ಗುಂಡಿಗೆ ಬಲಿಯಾಯಿತು. ಕಾರ್ನೆಟ್ ಎಂದರೆ ಕುದುರೆ ತುಕಡಿಯ ಅತಿ ಕಿರಿಯ ಅಧಿಕಾರಿ. ಮೂಲದಲ್ಲಿ ಬಾವುಟ ಹಿಡಿಯುವವನು. 'ಧ್ವಜಧಾರಿ' ಎಂದರೆ ಉತ್ಸವದ ಮೆರವಣಿಗೆ ಕಣ್ಣ ಮುಂದೆ ಬರುತ್ತದೆ. ಕಾರ್ನೆಟ್ ಎಂದೇ ಉಳಿಸಿ ಒಮ್ಮೆ ವಿವರಿಸುವುದು ಮೇಲೆಂದು ನನ್ನ ಎಣಿಕೆ. ಆಗಿನ ಸೈನ್ಯದಲ್ಲಿ ಇಂಥ ಪದವಿಗಳು ಹಣಕ್ಕೆ ದೊರೆಯುತ್ತಿದ್ದವು, 1871ರವರೆಗೂ. ಕಮಿಷನ್ ಎಂದರೆ ಅಧಿಕಾರಿಯ ನೇಮಕಪತ್ರ; ಅದನ್ನು 'ಕಮಿಷನ್ ಕೊಳ್ಳುವುದು' ಎಂದು ಬರೆದರೆ ಇಂದಿನ ಓದುಗರಿಗೆ ಲಂಚವೆಂದೇ ತೋರುತ್ತದೆ. ನಮ್ಮ ಹಳೆಯ ಆಡಳಿತದ 'ಸನ್ನದು' (ಅಧಿಕಾರಪತ್ರ) ಇಲ್ಲಿಗೆ ಸಲ್ಲುತ್ತದೆಯೇ?

ಮುಂದೆ ಅವನು ಅದೇ ರೆಜಿಮೆಂಟಿನಲ್ಲಿ ಸವಾರಿ ಕಲಿಸುವ ಅಧಿಕಾರಿಯಾದ. ಇದಕ್ಕೆ 'ಚಾಬುಕಸ್ವಾರ' ಎಂಬ ಪದ ಒದಗುತ್ತದೆ. ಆದರೆ ಅದು ಲಾಯದಲ್ಲಿ ಕುದುರೆಯನ್ನು ಪಳಗಿಸುವವನ ಹೆಸರು. ಫ್ಲಾಯ್ಡ್ ಪಳಗಿಸಿದ್ದು ಸವಾರರನ್ನೂ ಹೌದು.

ನನ್ನ ಮುಖ್ಯ ತೊಡಕು ರೆಜಿಮೆಂಟಿನ ಹೆಸರಿನದು. 1781ರಲ್ಲಿ ಭಾರತಕ್ಕೆಂದೇ ಕಟ್ಟಿದ ಲೈಟ್ ಡ್ರಗೂನ್ ಪಡೆಗೆ ಫ್ಲಾಯ್ಡ್ ಲೆಫ್ಟಿನೆಂಟ್ ಕರ್ನಲ್ ಆದ. ಮರುವರ್ಷ ಮದರಾಸಿಗೆ ಬಂದಿಳಿದ ಈ ಪಡೆ ಮುಂದೆ 19ನೆಯ ಲೈಟ್ ಡ್ರಗೂನ್ಸ್ ಎಂದು ಹೆಸರಾಯಿತು. ಕುದುರೆಪಡೆ ಎಂಬ ಅರ್ಥದಲ್ಲಿ ಇದನ್ನು 'ರಿಸಾಲೆ' ಎನ್ನಬಹುದೆಂದು ಗೆಳೆಯರೊಬ್ಬರ ಸಲಹೆ. ನಾನು ಒಪ್ಪಲಾರೆ. ಟಿಪ್ಪುವಿನ ಕಾಲಾಳು ಪಡೆಯಲ್ಲೂ ರಿಸಾಲೆಗಳಿದ್ದವು. ಕುದುರೆಯ ಅರ್ಥವೊಂದೇ ಅದಕ್ಕಿರಲಿಲ್ಲ. ಸಿಲಾದಾರ ಸವಾರನಾದರೆ ಕುದುರೆಯನ್ನೂ ಆಯುಧವನ್ನೂ ತಾನೇ ತರುತ್ತಿದ್ದ. ಡ್ರಗೂನನ ಕುದುರೆ ಸರ್ಕಾರದ್ದು. ಹಾಗಾಗಿ 'ಸಿಲಾದಾರ'ವೂ ಹೊಂದದು. 'ರಾವುತ' ನಮ್ಮ ಕಾವ್ಯಗಳಲ್ಲಿ ಮಾವುತನ ಜೊತೆಗೆ ಬರುವ ಚೆಂದದ ಮಾತು. ರೆಜಿಮೆಂಟಿನ ಹೆಸರನ್ನು ಹಾಗೆಯೇ ಬಿಟ್ಟು, ಒಬ್ಬೊಬ್ಬ ಸವಾರನನ್ನು 'ಹಗುರ ರಾವುತ' ಎನ್ನೋಣವೇ? ಹಗುರ ಎಂದರೆ ಇಲ್ಲಿ ಭಾರ ಕಡಿಮೆ, ಓಟ ಹೆಚ್ಚು: ಮುಂದೆ ಹೋಗಿ ವೈರಿಯ ನೆಲೆ ನೋಡುವುದು, ಕಾವಲಿರುವುದು, ಓಡುವವರನ್ನು ಬೆನ್ನಟ್ಟುವುದು ಅವರ ಕೆಲಸ.

1791ರ ಮಾರ್ಚ್ 6ರಂದು ಬೆಂಗಳೂರಿನ ಹೊರಗೆ ಫ್ಲಾಯ್ಡ್ ಹೊರಟದ್ದು ನೆಲೆ ನೋಡಲೆಂದು. ಟಿಪ್ಪುವಿನ ದಂಡಿನ ಹಿಂಭಾಗ ಕಂಡದ್ದೇ ಅವನು ಅದರ ಮೇಲೆ ಬಿದ್ದ. ಮುಖಕ್ಕೆ ಗುಂಡು ತಗಲಿ ಕುದುರೆಯಿಂದ ಉರುಳಿದ. ಅವನ ಪಡೆ ಹಿಂದೆ ಸರಿಯಿತು. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಮೈಸೂರಿನ ಕಾಲಾಳುಗಳ ಒಂದು ತಂಡ ಮುಂದೆ ಬಂದು ಇಂಗ್ಲಿಷರ ಗುಂಡಿಗೆ ಚದುರಿದಾಗ, ಫ್ಲಾಯ್ಡ್‌ನ ಸವಾರರು ಕತ್ತಿ ಹಿರಿದು ಅವರ ಮೇಲೆ ನುಗ್ಗಿದರು. ಸತ್ತವರು ನಮ್ಮ ನೆಲದ ಸೈನಿಕರು; ಬರೆಯುವಾಗ ಕೈ ತಡೆಯುತ್ತದೆ. ಹಾಗೆಂದು ಮಸುಕು ಮಾತು ಬಳಸಲಾರೆ.

ಸಾಲುಗಟ್ಟಿದ ಕುದುರೆಗಳು ಮೊದಲು ನಡಿಗೆಯಲ್ಲಿ, ಮತ್ತೆ ಕುಕ್ಕೋಟದಲ್ಲಿ, ಕೊನೆಗೆ ನಾಗಾಲೋಟದಲ್ಲಿ ಒಟ್ಟಾಗಿ ಬಂದು ಅಪ್ಪಳಿಸುವ ಈ ಕ್ರಿಯೆಗೆ ಏನೆನ್ನಬೇಕು? 'ದಾಳಿ' ತೀರ ಅಗಲವಾಯಿತು. 'ಲಗ್ಗೆ' ಕೋಟೆಗೆ ಸಲ್ಲುವ ಪದ. ಹಳಗನ್ನಡದಲ್ಲಿ ಕುದುರೆಯನ್ನು 'ಪಾಯಿಸು' ಎಂಬ ಬಳಕೆಯಿದೆ. ಹೋರಿ 'ಹಾಯಿತು' ಎಂದು ಹಳ್ಳಿಗಳಲ್ಲಿ ಇಂದಿಗೂ ಹೇಳುತ್ತಾರೆ. 'ಫ್ಲಾಯ್ಡ್‌ನ ರಾವುತರು ಹಾಯ್ದರು' ಎಂದು ಬರೆದರೆ ಓದುಗರಿಗೆ ಆ ರಭಸ ತಟ್ಟುತ್ತದೆಯೇ, ಇಲ್ಲವೇ ಹೊಳೆ ಹಾಯುವುದೋ ಗದ್ದೆಗೆ ನೀರು ಹಾಯಿಸುವುದೋ ನೆನಪಿಗೆ ಬರುತ್ತದೆಯೇ? ನಿಮ್ಮ ಊರಿನ ಬಳಕೆ ಏನೆಂದು ದಯವಿಟ್ಟು ತಿಳಿಸಿ. ಜೀನು, ಲಗಾಮು, ರಿಕಾಪುಗಳಿಗೆ ಬದಲಾಗಿ ಹಲ್ಲಣ, ಕಡಿವಾಣ, ಅಂಕವಣೆ ಎಂದು ಬರೆದರೆ ಈಗಿನವರಿಗೆ ತಿಳಿದೀತೇ ಎಂಬುದನ್ನೂ ಹೇಳಿ.