ಸಹಾಯ ಬೇಕು: ನಾಯಿಯ ಪ್ರತಿಕಾಯ ಪರೀಕ್ಷೆ ಉಡುಪಿ, ಮಂಗಳೂರಿನಲ್ಲಿ ಎಲ್ಲಿ ಮಾಡುತ್ತಾರೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಲ್ಪೆಯಲ್ಲಿ. ನಮ್ಮ ನಾಯಿ ಕರಿಯನಿಗೆ ಈಗ 9 ವರ್ಷ. ಕಳೆದ ವರ್ಷ ಲಸಿಕೆ ಹಾಕಿಸಿ ಮನೆ ಮುಟ್ಟುವಷ್ಟರಲ್ಲಿ ಅವನ ಮುಖ ಊದಿಕೊಂಡು ಕಣ್ಣುಗಳೇ ಮುಚ್ಚಿಹೋಗಿದ್ದವು. ಅದೇ ರಿಕ್ಷಾದಲ್ಲಿ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ವಾಪಸ್ ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಾಗೆಂದು ಲಸಿಕೆಯನ್ನೇ ಬಿಡಲು ಧೈರ್ಯವಿಲ್ಲ. ಪಕ್ಕದ ಓಣಿಯ ಮರಿಯೊಂದು ಮೊನ್ನೆಯಷ್ಟೇ ಪಾರ್ವೊ ಎಂಬ ವೈರಸ್ ಕಾಯಿಲೆಯಿಂದ ತೀರಿಕೊಂಡಿತು.

ಅದಕ್ಕೇ ಈ ಸಲ ಡಿಸ್ಟೆಂಪರ್, ಪಾರ್ವೊ, ಅಡಿನೊವೈರಸ್ ಕಾಯಿಲೆಗಳ ವಿರುದ್ಧದ ಪ್ರತಿಕಾಯಗಳು (ಹಿಂದಿನ ಲಸಿಕೆಗಳಿಂದ ಬಂದ ರೋಗ ತಡೆಯುವ ಆಂಟಿಬಾಡಿಗಳು) ಅವನ ರಕ್ತದಲ್ಲಿ ಉಳಿದಿವೆಯೇ ಎಂದು ಮೊದಲು ನೋಡಿ, ಉಳಿದಿದ್ದರೆ ಆ ಲಸಿಕೆಗಳನ್ನು ಈ ಸಲ ಬಿಡೋಣ ಎಂದಿದ್ದೇವೆ. ಸ್ವಲ್ಪ ರಕ್ತ ತೆಗೆದು, ಸುಮಾರು ಅರ್ಧ ಗಂಟೆಯಲ್ಲಿ ಕ್ಲಿನಿಕ್‌ನಲ್ಲಿಯೇ ಫಲಿತಾಂಶ ನೋಡಬಹುದಾದ ಕಿಟ್‌ಗಳಿವೆ. ನಾನು ವಿಚಾರಿಸಿದ ಎರಡು ಕಡೆ ಇದ್ದದ್ದು ಮಲದಲ್ಲಿ ಪಾರ್ವೊ ವೈರಸ್ಸನ್ನು ಹುಡುಕುವ ಕಿಟ್. ಅದು ಕಾಯಿಲೆ ಬಿದ್ದ ನಾಯಿಗೆ. ನಮಗೆ ಬೇಕಾದದ್ದು ಅದಲ್ಲ.

ಉಡುಪಿ, ಮಣಿಪಾಲ, ಮಂಗಳೂರು, ಎಲ್ಲಿಯಾದರೂ ಸರಿ, ಕರೆದುಕೊಂಡು ಬರುತ್ತೇವೆ. ರಕ್ತ ತೆಗೆದು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸುವ ವೈದ್ಯರಿದ್ದರೂ ತಿಳಿಸಿ. ರೇಬಿಸ್ ಲಸಿಕೆಯನ್ನು ಮಾತ್ರ ತಪ್ಪಿಸುವುದಿಲ್ಲ. ಹಾಕಿಸಿ ಒಂದು ಗಂಟೆ ಕ್ಲಿನಿಕ್‌ನಲ್ಲಿಯೇ ಕುಳಿತಿರುತ್ತೇವೆ. ಈ ಪರೀಕ್ಷೆ ಮಾಡಿಸಿದವರು ಎಷ್ಟು ಖರ್ಚಾಯಿತು ಎಂದೂ ದಯವಿಟ್ಟು ಬರೆಯಿರಿ. ಅವನ ಲಸಿಕೆಯ ದಿನ ಈ ತಿಂಗಳ ಕೊನೆಯಲ್ಲಿದೆ.